ಬಾಲ್ ಬಿಟ್ಟು ಉಳಿದವರನ್ನು ನೋಡು

ನಮ್ಮ ತಾತನ ಜೊತೆ ಫುಟ್‌ಬಾಲ್ ಮ್ಯಾಚಿಗೆ ಹೋದರೆ ಬಾಲ್ ನೋಡುವ ಹಾಗಿಲ್ಲ. "ಬಾಲ್ ಎಲ್ಲಿಗೂ ಓಡಿ ಹೋಗಲ್ಲಪ್ಪ, ಅಲ್ಲೇ ಇರುತ್ತೆ. ಆ ಮೂರನೇ ನಂಬರಿನ ಹುಡುಗ ಏನು ಮಾಡ್ತಾನೆ ನೋಡು" ಅನ್ನುತ್ತಾರೆ. ಟಿವಿಯಲ್ಲಿ ಅವರು ಮ್ಯಾಚ್ ಹೆಚ್ಚು ನೋಡದಿರುವುದಕ್ಕೂ ಇದೇ ಕಾರಣ. ಕ್ಯಾಮೆರಾ ಬಾಲ್ ಹಿಂದೆ ಓಡುತ್ತದೆ, ಉಳಿದವರು ಎಲ್ಲಿ ನಿಂತಿದ್ದಾರೆ ಎಂದು ಯಾರೂ ತೋರಿಸುವುದಿಲ್ಲ ಎಂಬುದು ಅವರ ತಕರಾರು. ಹಾಗಾಗಿ ಬಳ್ಳಾರಿಯಲ್ಲಿ ಎಷ್ಟೇ ಸಣ್ಣ ಮ್ಯಾಚಿದ್ದರೂ ಸರಿ, ಸುದ್ದಿ ಕಿವಿಗೆ ಬಿದ್ದರೆ ಸಾಕು, ಊಟ ಮುಗಿಸಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಾರೆ.

ಮೊನ್ನೆ ಭಾನುವಾರ ಮುನಿಸಿಪಲ್ ಕಾಲೇಜು ಮೈದಾನದಲ್ಲಿ ಮ್ಯಾಚ್ ಇತ್ತು. ಊರಿನವರೇ ಚಂದಾ ಎತ್ತಿ ನಡೆಸುವ ಟೂರ್ನಿ. ಚುನಾವಣೆ ಬಂದಾಗ ಇದೇ ಮೈದಾನದಲ್ಲಿ ವೇದಿಕೆ ಏಳುತ್ತದೆ, ಆಮೇಲೆ ಗೂಟ ಕಿತ್ತ ಗುಂಡಿಗಳು ಹುಡುಗರಿಗೆ ಉಳಿಯುತ್ತವೆ. ಹುಲ್ಲು ಅನ್ನುವುದೇ ಇಲ್ಲ. ಬಿಸಿಲಿನ ಕಾರಣಕ್ಕೆ ಒಂದೊಂದು ಹಾಫ್ ಮೂವತ್ತೇ ನಿಮಿಷ. ಬಳ್ಳಾರಿ ಬಿಸಿಲಲ್ಲಿ ನಾಲ್ಕು ಗಂಟೆಗೆ ಆಡುವವರಿಗೆ ಅಷ್ಟು ರಿಯಾಯಿತಿ ಬೇಡವಾ?

ಒಂದು ಟೀಮು ನಮ್ಮೂರಿನ ಕೌಲ್ ಬಜಾರಿನದು. ಇನ್ನೊಂದು ಹೊಸಪೇಟೆಯಿಂದ ಒಂದೇ ಕ್ರೂಸರ್‌ನಲ್ಲಿ ತುಂಬಿಕೊಂಡು ಬಂದಿತ್ತು. ಇಂಥ ಮ್ಯಾಚಿನಲ್ಲಿ ನನಗೆ ಇಷ್ಟವಾಗುವುದು ಏನೆಂದರೆ ಎಲ್ಲಾ ಕೇಳಿಸುತ್ತದೆ. ಗೋಲ್‌ಕೀಪರ್ ಬೈಯುವುದು, ರೆಫರಿ ಉಸಿರು ಬಿಡುವುದು, ಹಾಫ್ ಟೈಮಿನಲ್ಲಿ ಕೋಚ್ "ಲೇ, ನೀರು ಕುಡೀರಿ, ತಲೆ ಮೇಲೆ ಸುರ್ಕೋಬೇಡ್ರಿ, ಇರೋದು ಒಂದೇ ಕ್ಯಾನು" ಅನ್ನುವುದು. ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಬಹುದು. ಥ್ರೋ ಇನ್ ಆದರೆ ಆಟಗಾರ "ತಾತ, ಸ್ವಲ್ಪ ಕಾಲು ತಗೀರಿ" ಅನ್ನುತ್ತಾನೆ.

ತಾತ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಅರವತ್ತರ ದಶಕದಲ್ಲಿ ಫ್ಯಾಕ್ಟರಿ ಟೀಮಿನ ಲೆಫ್ಟ್ ಹಾಫ್, ಅಂದರೆ ಎಡಗಡೆ ಬ್ಯಾಕ್‌ಗೂ ಫಾರ್ವರ್ಡ್‌ಗೂ ನಡುವೆ ಆಡುವವರು. ಆಗ ಎರಡು ಬ್ಯಾಕ್, ಮೂರು ಹಾಫ್, ಐದು ಫಾರ್ವರ್ಡ್. ಈಗಲೂ ಅವರ ಬಾಯಲ್ಲಿ ಮಿಡ್‌ಫೀಲ್ಡರ್ ಅನ್ನುವ ಮಾತು ಬರುವುದಿಲ್ಲ, ಬರೀ ಇನ್‌ಸೈಡ್ ಲೆಫ್ಟ್, ಸೆಂಟರ್ ಹಾಫ್. ಅರ್ಧ ಟೀಮಿಗೆ ಬೂಟು ಇರಲಿಲ್ಲವಂತೆ. ಅದನ್ನು ಬಡತನದ ಕಥೆಯ ಹಾಗೆ ಹೇಳುವುದಿಲ್ಲ, ಜಂಬದಿಂದ ಹೇಳುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಬಹಳಷ್ಟು ಜನ ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿ 1-2ರಲ್ಲಿ ಸೋತರಲ್ಲ, ಎರಡು ಪೆನಾಲ್ಟಿ ಹಾಳು ಮಾಡದೇ ಇದ್ದಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಗೋಲು ಅಹ್ಮದ್ ಖಾನ್ ಅವರದು, ಅವರೂ ಬೆಂಗಳೂರಿನವರೇ. ಆಮೇಲೆ ಬೂಟು ಕಡ್ಡಾಯವಾಯಿತು. ತಾತನ ಪ್ರಕಾರ ಅಲ್ಲಿಂದಲೇ ಆಟ ಕೆಟ್ಟಿತು. ನಾನು ಒಪ್ಪುವುದಿಲ್ಲ, ಹತ್ತು ಗೋಲು ತಿಂದ ಮೇಲೆ ಯಾರಾದರೂ ಬೂಟು ಹಾಕಿಕೊಳ್ಳುತ್ತಾರೆ.

ಮೊದಲ ಗೋಲು ಹೊಸಪೇಟೆಯವರದು. ಅವರ ವಿಂಗರ್ ಕೊನೆಯ ಡಿಫೆಂಡರ್ ಜೊತೆ ಸರಿಸಮ ನಿಂತಿದ್ದ, ಪಾಸ್ ಬಂತು, ಓಡಿದ, ಹೊಡೆದ. ತಾತ ಕುರ್ಚಿಯಿಂದ ಎದ್ದು "ಆಫ್‌ಸೈಡ್!" ಎಂದು ಕೂಗಿದರು. ಪಾಸ್ ಹೊಡೆಯುವ ಹೊತ್ತಿಗೆ ಕೊನೆಯ ಡಿಫೆಂಡರ್‌ನನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್, ಆದರೆ ಸರಿಸಮ ನಿಂತಿದ್ದರೆ? ಈ ಜಗಳ ನಮ್ಮಿಬ್ಬರಲ್ಲಿ ಹಳೆಯದು. ಅವರು ಆಡುವಾಗ ಸರಿಸಮ ಇದ್ದರೂ ಆಫ್‌ಸೈಡೇ. 1990ರಲ್ಲಿ ನಿಯಮ ಬದಲಾಗಿ, ಸಮ ಇದ್ದರೆ ಪರವಾಗಿಲ್ಲ ಅಂತಾಯಿತು.

"ಯಾರು ಬದಲಾಯಿಸಿದ್ದು?"

"ನಿಯಮ ಮಾಡೋರು, ತಾತ."

"ನಮ್ಮನ್ನ ಕೇಳಿದ್ರಾ?"

ಕೇಳಿರಲಿಲ್ಲ, ಏನು ಹೇಳಲಿ.

ಎರಡನೇ ಹಾಫ್ ಶುರುವಾಗುವಾಗ 2-0. ಆಮೇಲೆ ಕೌಲ್ ಬಜಾರಿನವರು ಕಾರ್ನರ್‌ನಲ್ಲಿ ಒಂದು ಹೊಡೆದರು. ಅದಾದ ಮೇಲೆ ನಡೆದದ್ದು ಇನ್ನೂ ಮಜಾ. ಹೊಸಪೇಟೆಯ ಡಿಫೆಂಡರ್ ಗಾಬರಿಯಲ್ಲಿ ಬಾಲನ್ನು ಕಾಲಿನಿಂದ ತನ್ನ ಕೀಪರ್‌ಗೇ ತಳ್ಳಿದ, ಕೀಪರ್ ಕೈಯಲ್ಲಿ ಎತ್ತಿಕೊಂಡ. 1992ರಿಂದ ಹಾಗೆ ಮಾಡುವಂತಿಲ್ಲ. ಗೋಲಿನಿಂದ ಏಳೆಂಟು ಹೆಜ್ಜೆ ದೂರದಲ್ಲಿ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರ ಗೋಲಿಗೆ ಹೊಡೆದರೆ ಲೆಕ್ಕವಿಲ್ಲ, ಇನ್ನೊಬ್ಬರು ಮುಟ್ಟಲೇಬೇಕು. ಹನ್ನೊಂದು ಜನವೂ ಗೋಲಿನ ಗೆರೆ ಮೇಲೆ ರೇಷನ್ ಅಂಗಡಿ ಕ್ಯೂ ಥರ ಒತ್ತಿಕೊಂಡು ನಿಂತರು. ಒಬ್ಬ ಮುಟ್ಟಿದ, ಇನ್ನೊಬ್ಬ ಹೊಡೆದ, ಯಾರದೋ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. 2-2. ತಾತ ಕೌಲ್ ಬಜಾರಿನ ಕಡೆಯವರಾದರೂ ಇದಕ್ಕೆ ಚಪ್ಪಾಳೆ ತಟ್ಟಲಿಲ್ಲ. ಕೀಪರ್ ಬಾಲ್ ಹಿಡಿಯದೆ ಇನ್ಯಾರು ಹಿಡಿಯಬೇಕು ಎಂದು ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಕೇಳಿದರು.

ಇಷ್ಟೆಲ್ಲ ಆಗುವಾಗಲೂ ಅವರ ಕಣ್ಣು ಇದ್ದದ್ದು ಕೌಲ್ ಬಜಾರಿನ ಲೆಫ್ಟ್ ಬ್ಯಾಕ್ ಮೇಲೆ, ಅದೇ ಮೂರನೇ ನಂಬರ್. ನಾನೂ ಅವನನ್ನೇ ನೋಡತೊಡಗಿದೆ. ಹುಡುಗ ಓಡುವುದೇ ಕಡಿಮೆ. ಆದರೆ ಬಾಲ್ ತನ್ನ ಕಡೆ ಬರುವ ಮುಂಚೆ ಒಂದು ಸಲ ಎಡಕ್ಕೆ, ಒಂದು ಸಲ ಬೆನ್ನ ಹಿಂದೆ ತಿರುಗಿ ನೋಡುತ್ತಾನೆ. ಬಾಲ್ ಕಾಲಿಗೆ ಬಂದಾಗ ಎಲ್ಲಿಗೆ ಕೊಡಬೇಕೆಂದು ಅವನಿಗೆ ಆಗಲೇ ಗೊತ್ತಿರುತ್ತದೆ. ವಿಂಗರ್ ಮೈದಾನದ ಒಳಗೆ ನುಗ್ಗಿದರೆ ಇವನು ಎರಡೇ ಹೆಜ್ಜೆ ಹಿಂದೆ ಸರಿಯುತ್ತಾನೆ, ಅಷ್ಟಕ್ಕೇ ಪಾಸ್ ಕೊಡುವವನು ಮನಸ್ಸು ಬದಲಾಯಿಸುತ್ತಾನೆ. ಬಾಲ್ ಮುಟ್ಟದೇ ದಾಳಿ ನಿಲ್ಲಿಸುವುದು ಅಂದರೆ ಇದು! ನೋಡುವವರಿಗೆ ಅವನು ಸುಮ್ನೆ ನಿಂತ ಹಾಗೆ ಕಾಣುತ್ತದೆ. ಥ್ರೋ ತೆಗೆದುಕೊಳ್ಳಲು ಹತ್ತಿರ ಬಂದಾಗ ನೋಡಿದೆ, ಬೆರಳೆಲ್ಲ ನೀಲಿ. ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಕೆಲಸವಂತೆ.

ಈ ಹುಡುಗ ಇಲ್ಲಿಂದ ಎಲ್ಲಿಗೆ ಹೋಗಬೇಕು? ನನ್ನ ಸಿಟ್ಟು ಇರುವುದು ಇಲ್ಲಿ. ಬೆಂಗಳೂರಿನಲ್ಲಿ ಸಿ ಡಿವಿಷನ್, ಬಿ, ಎ, ಮೇಲೆ ಸೂಪರ್ ಡಿವಿಷನ್ ಅಂತ ಏಣಿ ಇದೆ. ಅದನ್ನು ಹತ್ತಬೇಕಾದರೆ ಮೊದಲು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು. ಅಲ್ಲಿ ರೂಮು, ಊಟ, ಕೆಲಸ ಎಲ್ಲಾ ಹೊಂದಿಸಿಕೊಂಡು ಆಮೇಲೆ ಆಟ. ಹಾಗಂತ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಮೈದಾನ ಇಲ್ಲ ಅಂತಲ್ಲ. ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು, ಬೆಂಗಳೂರು ಎಫ್‌ಸಿಯ ಅಕಾಡೆಮಿ ಬಂದದ್ದೂ ಅಲ್ಲಿಗೇ. ಅದು ಚಿಕ್ಕ ವಯಸ್ಸಿನಲ್ಲೇ ಆರಿಸಿ ಬೆಳೆಸುವ ಜಾಗ. ಇಪ್ಪತ್ತು ದಾಟಿದ, ಭಾನುವಾರ ಮಾತ್ರ ರಜೆ ಇರುವ ಹುಡುಗನಿಗೆ ಬೇಕಾದದ್ದು ಬೇರೆ. ಜಿಲ್ಲೆ ಜಿಲ್ಲೆ ನಡುವೆ ವರ್ಷವಿಡೀ ನಡೆಯುವ ಒಂದು ಸಾಧಾರಣ ಲೀಗ್, ಬಸ್ ಚಾರ್ಜು, ಒಂದು ನೆಟ್ಟು. ದೊಡ್ಡ ಆಸೆ ಏನಲ್ಲ ಅಲ್ವಾ?

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ, ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ ಗೆದ್ದಾಗ ನಾನೂ ತಾತನೂ ಮೊಬೈಲ್‌ನಲ್ಲಿ ನೋಡಿದ್ದೆವು. 54 ವರ್ಷದ ಮೇಲೆ ಬಂದ ಕಪ್ಪು. ಹಿಂದಿನದು 1968-69ರದು, ಆಗ ಮೈಸೂರು ಹೆಸರಲ್ಲಿ ಆಡುತ್ತಿದ್ದರು. ಮೈಸೂರು 1952-53ರಲ್ಲೂ ಗೆದ್ದಿತ್ತು ಎಂದು ನಾನು ಹೇಳಿದರೆ ತಾತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ಸೇರಿದ್ದು 1953ರ ಅಕ್ಟೋಬರ್‌ನಲ್ಲಿ. "ಅದು ಅವರ ಕಪ್ಪು, ನಮ್ಮದಲ್ಲ."

ಮ್ಯಾಚ್ ಟೈ ಆದದ್ದರಿಂದ ಪೆನಾಲ್ಟಿ ಶೂಟೌಟ್. ತಾತ ಎದ್ದು ಹೊರಟೇಬಿಟ್ಟರು. ಅವರ ಕಾಲದಲ್ಲಿ ಡ್ರಾ ಆದರೆ ಮಾರನೇ ದಿನ ಮತ್ತೆ ಆಡಬೇಕಿತ್ತಂತೆ. ಶೂಟೌಟ್ ನಿಯಮ ಬಂದದ್ದೇ 1970ರಲ್ಲಿ. ಅದಕ್ಕೂ ಮುಂಚೆ 1968ರ ಯೂರೋ ಸೆಮಿಫೈನಲ್‌ನಲ್ಲಿ ಇಟಲಿ ಗೆದ್ದದ್ದು ನಾಣ್ಯ ಚಿಮ್ಮಿ, ಅದಕ್ಕಿಂತ ಇದು ವಾಸಿ ಅಲ್ವಾ ಅಂದರೆ "ಎರಡೂ ಜೂಜೇ" ಅಂದು ಗಾಡಿ ಅಂಗಡಿಗೆ ಹೋಗಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ಮೈದಾನಕ್ಕೆ ಬೆನ್ನು ಹಾಕಿ ನಿಂತರು. ಹೊಸಪೇಟೆಯವರು ಗೆದ್ದರು. ಆ ಕೂಗು ಕೇಳಿಯೂ ತಿರುಗಲಿಲ್ಲ.

ಆಮೇಲೆ ಪ್ಲೇಟ್ ಹಿಡಿದುಕೊಂಡೇ ಸೀದಾ ಹೋಗಿ ಮೂರನೇ ನಂಬರಿನವನನ್ನು ಹಿಡಿದರು. ಹುಡುಗ ಬೂಟು ಬಿಚ್ಚುತ್ತಿದ್ದ.

"ಎಡಗಾಲಲ್ಲಿ ಯಾಕಪ್ಪ ಉದ್ದ ಪಾಸ್ ಹೊಡೆಯಲ್ಲ?"

"ಬರಲ್ಲ ತಾತ."

"ಪ್ರಾಕ್ಟೀಸ್ ಎಷ್ಟೊತ್ತಿಗೆ?"

"ಬೆಳಿಗ್ಗೆ ಆರಕ್ಕೆ. ಎಂಟಕ್ಕೆ ಡ್ಯೂಟಿ ಇರುತ್ತೆ."

"ನಾಳೆ ಬರ್ತೀನಿ."

ಆರಕ್ಕೆ ಅಲ್ಲಿರಬೇಕು ಅಂದರೆ ನಾನು ಐದೂವರೆಗೆ ಸ್ಕೂಟರ್ ತೆಗೆಯಬೇಕು. ನನ್ನನ್ನು ಯಾರೂ ಕೇಳಲಿಲ್ಲ.