ಹಗರಿಯ ಮರಳು ಮತ್ತು ಹನ್ನೊಂದನೆಯ ವಿಧಿ

ಆಷಾಢದ ಗಾಳಿ ಎದ್ದಿತೆಂದರೆ ಅನಂತಪುರ ಜಿಲ್ಲೆಯ ಬೊಮ್ಮನಹಾಳು ಸೀಮೆಯವರು ಹೊಳೆಯ ಕಡೆಯ ಕಿಟಕಿಗಳನ್ನು ಮುಚ್ಚಿಬಿಡುತ್ತಾರೆ. ವರ್ಷದ ಬಹುಭಾಗ ಬತ್ತಿರುವ ಹಗರಿಯ ಪಾತ್ರದಿಂದ ಎದ್ದ ಮರಳು ದರ್ಗಾ ಹೊನ್ನೂರಿನ ಸುತ್ತ ದಿಬ್ಬಗಳಾಗಿ ನಿಂತಿದೆ. ಆ ಕಡೆಯ ನಮ್ಮ ದೊಡ್ಡಪ್ಪನ ಹೊಲದಲ್ಲಿ, ನಾನು ಚಿಕ್ಕಂದಿನಲ್ಲಿ ಹತ್ತಿ ಕೂರುತ್ತಿದ್ದ ಗಡಿಕಲ್ಲು ಈಗ ಗೇಣುದ್ದ ಮಾತ್ರ ಕಾಣುತ್ತದೆ; ಬದು ಎಲ್ಲಿತ್ತೆಂಬುದನ್ನು ಜಾಲಿಯ ಸಾಲು ನೋಡಿ ಊಹಿಸಬೇಕು.

ಮರುಭೂಮಿಯೆಂದರೆ ರಾಜಸ್ಥಾನದ ಮಾತೆಂದೇ ನಾನೂ ತಿಳಿದಿದ್ದೆ. ಆದರೆ 1994ರ ಜೂನ್ 17ರಂದು ಪ್ಯಾರಿಸ್‌ನಲ್ಲಿ ಅಂಗೀಕಾರವಾದ, 1996ರ ಡಿಸೆಂಬರ್‌ನಲ್ಲಿ ಭಾರತವೂ ಅನುಮೋದಿಸಿದ ವಿಶ್ವಸಂಸ್ಥೆಯ ಒಪ್ಪಂದವು ಮರುಭೂಮೀಕರಣವನ್ನು ಬೇರೆಯೇ ರೀತಿಯಲ್ಲಿ ವಿವರಿಸುತ್ತದೆ: ಒಣಪ್ರದೇಶಗಳ ನೆಲವು ಹವಾಮಾನದ ಏರುಪೇರಿನಿಂದಲೂ ಮನುಷ್ಯನ ಚಟುವಟಿಕೆಯಿಂದಲೂ ಸತ್ವಗೆಡುವುದೇ ಮರುಭೂಮೀಕರಣ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಮ್ಮ ಜಿಲ್ಲೆಗೆ ಈ ಮಾತು ಹೇಳಿ ಮಾಡಿಸಿದಂತಿದೆ. ಶೇಂಗಾವನ್ನು ಬೇರುಸಮೇತ ಕಿತ್ತ ಮೇಲೆ ಸಡಿಲವಾಗಿ ಬಯಲಾದ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಅದರ ಜಾಗಕ್ಕೆ ಹೊಳೆಯ ಮರಳು ಬಂದು ಕೂರುತ್ತದೆ.

ಒಪ್ಪಂದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹನ್ನೊಂದನೆಯ ವಿಧಿ. ಗಡಿ ದಾಟಿದ ನೈಸರ್ಗಿಕ ಸಂಪತ್ತನ್ನು ದೇಶಗಳು ಜಂಟಿ ಕಾರ್ಯಕ್ರಮಗಳ ಮೂಲಕ ನೋಡಿಕೊಳ್ಳಬಹುದೆಂದು ಅದು ಹೇಳುತ್ತದೆ. ವಾಣಿವಿಲಾಸ ಸಾಗರದಿಂದ ಇಳಿದು, ಆಂಧ್ರದ ಭೈರವಾನಿತಿಪ್ಪ ಜಲಾಶಯವನ್ನು ಹಾದು, ಮತ್ತೆ ಬಳ್ಳಾರಿಯ ಕಡೆಗೆ ಹೊರಳಿ ತುಂಗಭದ್ರೆ ಸೇರುವ ಹಗರಿಯೂ ಗಡಿ ದಾಟುವ ನದಿಯೇ. ಆದರೆ ಅದು ದಾಟುವುದು ರಾಜ್ಯಗಳ ಗಡಿಯನ್ನು. ಒಪ್ಪಂದಕ್ಕೆ ಕಾಣುವುದು ದೇಶಗಳ ಗಡಿ ಮಾತ್ರ. ಈ ಮರಳಿಗೆ ಯಾವ ರಾಜ್ಯ ಹೊಣೆಯೆಂಬ ಪ್ರಶ್ನೆಯನ್ನು ಅಲ್ಲಿ ಎತ್ತುವಂತಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನಡೆದ ಈ ಒಪ್ಪಂದದ ದೇಶಗಳ ಸಮಾವೇಶದಲ್ಲಿ ಭಾರತವು 2030ರೊಳಗೆ ಪುನಶ್ಚೇತನಗೊಳಿಸುವ ನೆಲದ ಗುರಿಯನ್ನು 2 ಕೋಟಿ 10 ಲಕ್ಷ ಹೆಕ್ಟೇರ್‌ಗಳಿಂದ 2 ಕೋಟಿ 60 ಲಕ್ಷಕ್ಕೆ ಏರಿಸಿತು. ಐದು ವರ್ಷದ ಮೇಲೆ, 2024ರ ಡಿಸೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದ ದೇಶಗಳು ಬರವನ್ನು ಎದುರಿಸಲು ಎಲ್ಲರನ್ನೂ ಬದ್ಧಗೊಳಿಸುವ ನಿಯಮಕ್ಕೆ ಒಮ್ಮತ ಕಾಣದೆ ಎದ್ದವು. ಗುರಿ ಘೋಷಿಸುವುದು ಸುಲಭ, ಕಟ್ಟುಪಾಡಿಗೆ ಕೊರಳೊಡ್ಡುವುದು ಕಷ್ಟ. ಎರಡು ಊರುಗಳ ನಡುವಿನ ಕೆರೆಯ ಜಗಳ ನೋಡಿದವರಿಗೆ ಇದೇನೂ ಹೊಸದಲ್ಲ.

ದೊಡ್ಡಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿದರು, ಏನೂ ಅನ್ನಲಿಲ್ಲ. ಈ ಸಲ ಹೊಳೆಯ ಕಡೆಗೆ ನಾಲ್ಕು ಸಾಲು ತೊಗರಿ ಹಾಕಿದ್ದರು. ಕಾಯಿ ಬಿಡಿಸಿಕೊಂಡ ಮೇಲೂ ಗಿಡಗಳನ್ನು ಕಡಿಯದೆ ಗಾಳಿಗೆ ಅಡ್ಡವಾಗಿ ಹಾಗೆಯೇ ಬಿಟ್ಟಿದ್ದಾರೆ. ಒಲೆಗೆ ಒಂದು ಹೊರೆ ತೊಗರಿಕಟ್ಟಿಗೆ ಬೇಕೆಂದು ದೊಡ್ಡಮ್ಮ ಎರಡು ಸಲ ಕೇಳಿದರೂ ಕೊಟ್ಟಿಲ್ಲ.