ಅಕ್ಕನ ಮಗಳ ಇಂಗ್ಲಿಷ್ ಪ್ರಾಜೆಕ್ಟ್: ಇಲ್ಲಿವರೆಗೆ ಏನೇನಾಯ್ತು

ಅಕ್ಕನ ಮಗಳು ಹಾಸನದಲ್ಲಿ ಒಂಬತ್ತನೇ ಕ್ಲಾಸು, ಸಿಬಿಎಸ್‌ಇ. ಇಂಗ್ಲಿಷ್ ಟೆಕ್ಸ್ಟ್‌ಬುಕ್ ಕೈಗೆ ಬಂದ ವಾರದಲ್ಲೇ ಓದಿ ಮುಗಿಸ್ತಾಳೆ, ಆಮೇಲೆ ವರ್ಷ ಪೂರ್ತಿ ಅದೇ ಪಾಠದ ಪ್ರಶ್ನೋತ್ತರ ಬರೀತಾ ಕೂರ್ಬೇಕು. ಟೀಚರ್ ಒಳ್ಳೆಯವರೇ, ಆದ್ರೆ ತುಂಬಿದ ಕ್ಲಾಸಲ್ಲಿ ಒಬ್ಬಳಿಗೋಸ್ಕರ ಬೇರೆ ಕೆಲಸ ತಯಾರು ಮಾಡೋಕೆ ಅವರಿಗಾದ್ರೂ ಪುರುಸೊತ್ತೆಲ್ಲಿ. ಮಾರ್ಕ್ಸ್ ಬರ್ತಾನೇ ಇದೆ, ಆಸಕ್ತಿ ಮಾತ್ರ ಕಮ್ಮಿ ಆಗ್ತಿದೆ ಅಂತ ಅಕ್ಕ ಫೋನಲ್ಲಿ ಹೇಳಿದಾಗಿಂದ ನಾನೇ ಇದರ ಹಿಂದೆ ಬಿದ್ದಿದೀನಿ, ಭಾನುವಾರ ವಿಡಿಯೋ ಕಾಲಲ್ಲಿ ಇಬ್ರೂ ಕೂತ್ಕೊಂಡು ಮಾಡ್ತೀವಿ.

ಮೊದಲು ನೋಡಿದ್ದು ಎನ್‌ಸಿಇಆರ್‌ಟಿಯ ಇಂಗ್ಲಿಷ್ ಎಲೆಕ್ಟಿವ್ (ಐಚ್ಛಿಕ ವಿಷಯದ) ಪುಸ್ತಕಗಳು, ಹನ್ನೊಂದನೇ ಕ್ಲಾಸಿನ 'ವೋವನ್ ವರ್ಡ್ಸ್', ಹನ್ನೆರಡರ 'ಕೆಲೈಡೋಸ್ಕೋಪ್'. ಪಿಡಿಎಫ್ ಫ್ರೀ, ಕಥೆ, ಕವಿತೆ, ಪ್ರಬಂಧ ಎಲ್ಲಾ ಚೆನ್ನಾಗೇ ಇವೆ, ಅವಳು ಖುಷಿಯಾಗಿ ಓದಿದ್ಳು ಕೂಡ. ಆದ್ರೆ ಓದೋದು ಅವಳಿಗೆ ಯಾವತ್ತೂ ಕಷ್ಟ ಆಗಿರ್ಲಿಲ್ಲ, ಓದಿದ್ರ ಬಗ್ಗೆ ಯೋಚ್ನೆ ಮಾಡಿ ಉದ್ದಕ್ಕೆ ಬರೆಯೋ ಅವಕಾಶವೇ ಸಿಗ್ತಿರ್ಲಿಲ್ಲ. ಸಿಬಿಎಸ್‌ಇಲಿ ಲಾಂಗ್ ಆನ್ಸರ್ ಅಂದ್ರೆ 100-120 ಪದ, ವಿಷಯ ಶುರು ಆಗೋ ಹೊತ್ತಿಗೆ ಉತ್ತರ ಮುಗಿದಿರತ್ತೆ.

ಹಂಗಾಗಿ ಕೇಂಬ್ರಿಡ್ಜ್ ಐಜಿಸಿಎಸ್‌ಇ, ಅಂದ್ರೆ ನಮ್ಮ ಹತ್ತನೇ ಕ್ಲಾಸಿನ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ, ಅದರ ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್, ಕೋಡ್ 0500, ಅದರ ಹಳೇ ಪ್ರಶ್ನೆಪತ್ರಿಕೆ ತೆಗೆದ್ವಿ. ಅದ್ರಲ್ಲಿ ಕಾಂಪೊಸಿಷನ್ 350-450 ಪದ, ಅದಕ್ಕಿಂತ ಮುಖ್ಯವಾಗಿ ಲೇಖಕರು ಈ ಪದ ಯಾಕೆ ಆರಿಸ್ಕೊಂಡ್ರು, ಓದುಗರ ಮನಸ್ಸಲ್ಲಿ ಅದು ಏನು ಮಾಡತ್ತೆ ಅಂತ ಕೇಳೋ ಪ್ರಶ್ನೆ ಇದೆ. ಅಲ್ಲಿ ಮೊದಲ ಸಲ ಅವಳು ಪೆನ್ನು ಹಿಡ್ಕೊಂಡು ಸುಮ್ನೆ ಕೂತಿದ್ದು ನೋಡ್ದೆ, ನಂಗೆ ಬೇಕಾಗಿದ್ದೂ ಅದೇ.

ಈಗ ಗಟ್ಟಿಯಾಗಿ ಹಿಡ್ಕೊಂಡಿರೋದು ಅಮೆರಿಕದ ಕಾಲೇಜ್ ಬೋರ್ಡಿನ ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕೋರ್ಸು) ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್. ಪರೀಕ್ಷೆ ಬರೆಸೋ ಯೋಚ್ನೆ ಇಲ್ಲ, ಫೀಸೂ ಜಾಸ್ತಿ, ಅವಳಿಗೆ ಈಗ ಅದು ಬೇಕಾಗೂ ಇಲ್ಲ. ಆದ್ರೆ ಹಿಂದಿನ ವರ್ಷಗಳ ಪ್ರಬಂಧದ ಪ್ರಶ್ನೆ, ಅದಕ್ಕೆ ಮಕ್ಕಳು ಬರೆದ ಉತ್ತರ, ಯಾವುದಕ್ಕೆ ಎಷ್ಟು ಅಂಕ, ಯಾಕೆ ಅನ್ನೋ ವಿವರಣೆ ಎಲ್ಲಾ ಅವರ ಸೈಟಲ್ಲೇ ಫ್ರೀಯಾಗಿ ಸಿಗತ್ತೆ. ಪ್ರತಿ ಪ್ರಬಂಧಕ್ಕೆ 6 ಅಂಕ: ಸ್ಪಷ್ಟ ನಿಲುವಿಗೆ 1, ಸಾಕ್ಷಿ ಮತ್ತು ಅದರ ವಿವರಣೆಗೆ 4, ವಿಚಾರದ ಆಳಕ್ಕೆ 1. ಆ 4 ಇದೆಯಲ್ಲ, ಅದೇ ಅವಳಿಗೆ ಬೇಕಾಗಿದ್ದ ವ್ಯಾಯಾಮ. ಮನೇಲಿ ಇಂಗ್ಲಿಷ್ ಮೇಷ್ಟ್ರು ಇಲ್ಲದವರೂ ಇದನ್ನ ಇಟ್ಕೊಂಡು ಮಕ್ಕಳ ಬರಹ ತಿದ್ದಬಹುದು, ಅದಕ್ಕೇ ನಂಗೆ ಇದು ಅಷ್ಟು ಇಷ್ಟ.

ಅಭ್ಯಾಸಕ್ಕೆ ಪಠ್ಯ ನಮ್ಮದೇ ತಗೊಂಡೆ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಸಂವಿಧಾನ ಸಭೇಲಿ ಮಾಡಿದ ಭಾಷಣ. ಅವಳ ಮೊದಲ ಪ್ರಬಂಧದಲ್ಲಿ ಇಲ್ಲಿ ಪರ್ಸಾನಿಫಿಕೇಶನ್ (ಜಡವಸ್ತುವಿಗೆ ಮನುಷ್ಯರ ಗುಣ ಕೊಡೋದು) ಇದೆ, ಇಲ್ಲಿ ಮೆಟಫರ್ (ರೂಪಕ) ಇದೆ ಅಂತ ಪಟ್ಟಿ ಇತ್ತು, ಎಪಿಯ ರೂಬ್ರಿಕ್, ಅಂದ್ರೆ ಮೇಲೆ ಹೇಳಿದ ಅಂಕ ಕೊಡೋ ಮಾನದಂಡ, ಇಟ್ಟು ನೋಡಿದ್ರೆ ಆ 4ರಲ್ಲಿ 1 ಬರೋದೂ ಕಷ್ಟ. ಆಮೇಲೆ ಒಂದೇ ವಾಕ್ಯ ಹಿಡ್ಕೊಂಡ್ವಿ, ಕೊಟ್ಟ ಮಾತನ್ನ ಪೂರ್ತಿಯಾಗಿ ಅಲ್ದಿದ್ರೂ ಬಹುಮಟ್ಟಿಗೆ ನಡೆಸಿಕೊಡ್ತಿದೀವಿ ಅಂತಾರಲ್ಲ, ಅದು. ಇಡೀ ದೇಶ ಸಂಭ್ರಮದಲ್ಲಿರೋ ರಾತ್ರಿ ಪೂರ್ತಿ ಅಲ್ಲ ಅಂತ ಯಾಕೆ ಸೇರಿಸ್ಬೇಕಿತ್ತು ಅಂತ ಕೇಳ್ದೆ. ತುಂಬಾ ಹೊತ್ತು ಬಿಟ್ಟು "ಪಾರ್ಟಿಷನ್ ಬಗ್ಗೆ ಇರ್ಬೋದಾ ಚಿಕ್ಕಿ?" ಅಂದ್ಳು. ಇರ್ಬೋದು, ಭಾಷಣದಲ್ಲೇ ಸಾಕ್ಷಿ ಹುಡುಕು ಅಂದೆ. ಮುಂದೆ ಅವರು ಸ್ವಾತಂತ್ರ್ಯದ ಹೆರಿಗೆ ನೋವಿನ ಮಾತಾಡ್ತಾರೆ, ಅದ್ರಲ್ಲಿ ಕೆಲವು ನೋವು ಈಗಲೂ ಇದೆ ಅಂತಾರೆ, ಆ ಎರಡೂ ಜಾಗಾನ ಅವಳೇ ಸೇರಿಸಿ, ಸಂಭ್ರಮದ ಮಧ್ಯೆ ಕೊರತೆ ಒಪ್ಕೊಂಡಿದ್ರಿಂದ್ಲೇ ಮುಂದಿನ ಕೆಲಸದ ಬಗ್ಗೆ ಹೇಳೋದನ್ನ ಜನ ನಂಬ್ತಾರೆ ಅಂತ ಒಂದು ಪ್ಯಾರಾ ಬರೆದ್ಳು. ಅದಕ್ಕೆ 4ಕ್ಕೆ 3 ಕೊಟ್ಟಿದೀನಿ, ಧಾರಾಳವಾಗಿ ಏನಲ್ಲ.

ಇದರ ಜೊತೆ ಅಂಬೇಡ್ಕರ್ 1949ರ ನವೆಂಬರ್ 25ರಂದು ಅದೇ ಸಭೇಲಿ ಮಾಡಿದ ಭಾಷಣ ಓದ್ತಿದಾಳೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ-ಆರ್ಥಿಕ ಬದುಕಲ್ಲಿ ಅಸಮಾನತೆ ಅನ್ನೋ ವಿರೋಧಾಭಾಸದ ಎಚ್ಚರಿಕೆ ಇರೋದು. ಇಬ್ಬರ ವಾಕ್ಯದ ನಡಿಗೆ ಎಷ್ಟು ಬೇರೆ ಅನ್ನೋದು ಅವಳಿಗೆ ತಾನಾಗೇ ಕಾಣ್ತು.

ಈ ತಿಂಗಳ ಕೆಲಸ ಎಪಿಯದ್ದೇ ಇನ್ನೊಂದು ಬಗೆ, ಸಿಂಥೆಸಿಸ್ ಪ್ರಬಂಧ, ಕೊಟ್ಟ ಮೂಲಗಳಲ್ಲಿ ಕನಿಷ್ಠ 3 ಬಳಸಿ ಸ್ವಂತ ವಾದ ಕಟ್ಬೇಕು. ಎಪಿಯ ವಿಷಯ ಬಿಟ್ಟು ಆಲೂರು-ಸಕಲೇಶಪುರದ ಆನೆ ಸಮಸ್ಯೆ ಮೇಲೆ ನಾನೇ ಒಂದು ಕಟ್ಟು ಮಾಡಿದೀನಿ: ಕರ್ನಾಟಕ ಎಲಿಫೆಂಟ್ ಟಾಸ್ಕ್ ಫೋರ್ಸಿನ 2012ರ ವರದಿಯ ಕೆಲವು ಪುಟ, ಜಿಲ್ಲೆಯ ಅರಣ್ಯ-ತೋಟಗಳ ಮ್ಯಾಪು, ಕಾಫಿ ಬೆಳೆಗಾರರ ಅಹವಾಲಿನ ಕನ್ನಡ ಪತ್ರಿಕೆ ಸುದ್ದಿ, ಬೇಲಿ ಬಗ್ಗೆ ಒಂದು ಲೇಖನ. ಪಕ್ಕದ ತಾಲೂಕಿನ ವಿಷಯ ಆದ್ರಿಂದ ಆನೆ ಹಿಡಿದು ಸಾಗಿಸೋದು ಸರಿಯಾ ಅಂತ ಅಪ್ಪನ ಹತ್ರ ಆಗ್ಲೇ ವಾದಕ್ಕೆ ನಿಂತಿದಾಳಂತೆ.

ಮುಂದೆ ಕ್ವೀನ್ಸ್ ಕಾಮನ್‌ವೆಲ್ತ್ ಎಸ್ಸೇ ಕಾಂಪಿಟಿಷನ್‌ಗೆ ಕಳಿಸೋ ಆಸೆ ಇದೆ, 1883ರಿಂದ ನಡೀತಿರೋದು, ಎಂಟ್ರಿ ಫೀಸಿಲ್ಲ. ಯಾವ ವಿಷಯ ಅಂತ ಅವಳೇ ಆರಿಸ್ಕೊಳ್ಳಿ. ಆನೆ ಪ್ರಬಂಧದ ಮೊದಲ ಡ್ರಾಫ್ಟ್ ದಸರಾ ರಜೇಲಿ ಬರತ್ತೆ, ತಿದ್ದಿದ್ಮೇಲೆ ಅವಳು ಒಪ್ಪಿದ್ರೆ ಒಂದೆರಡು ಪ್ಯಾರಾ ಇಲ್ಲೇ ಹಾಕ್ತೀನಿ.