ಪಾಳಿ ಮುಗಿದ ಮೇಲಿನ ಮಂಡೆಬೆಚ್ಚ

"ನಿಮಗೆ ಆತಂಕ ಇದೆಯೇ?" ಎಂದು ಕೇಳಿದರೆ ಕಾಸರಗೋಡಿನ ಕಡೆಯ ಆಸ್ಪತ್ರೆ ವಾರ್ಡುಗಳ ಸಿಬ್ಬಂದಿಯಲ್ಲಿ ಯಾರೂ ಹೌದು ಅನ್ನುವುದಿಲ್ಲ. "ಮಂಡೆಬೆಚ್ಚ (ತಲೆಬಿಸಿ) ಉಂಟಾ? ರಾತ್ರಿ ನಿದ್ದೆ ಬರ್ತದಾ?" ಎಂದು ಕೇಳಿ, ಮಾತು ಹೊರಡುತ್ತದೆ. ಕೇಳಿಯಾದ ಮೇಲೆ "ಧೈರ್ಯವಾಗಿರಿ ಸಿಸ್ಟರ್" ಅಂದುಬಿಟ್ಟರೆ ಕೇಳಿದ್ದೇ ದಂಡ. ಕೋವಿಡ್ ವಾರ್ಡಿನ ಹೆದರಿಕೆಯಲ್ಲಿ ಬಹುಪಾಲು ವ್ಯವಸ್ಥೆಯ ತೂತುಗಳಿಂದ ಬಂದದ್ದು.

ರೋಗಿಯ ಪಕ್ಕದಲ್ಲಿ ಕೈ ಕೆಲಸದಲ್ಲಿರುತ್ತದೆ, ಹೆದರಲು ಪುರುಸೊತ್ತಿಲ್ಲ. ಸಂಶಯ ಹುಟ್ಟುವುದು ಪಿಪಿಇ ಕಿಟ್ (ಸೋಂಕು ತಗಲದಂತೆ ತೊಡುವ ರಕ್ಷಣಾ ಉಡುಪು) ಕಳಚುವ ಜಾಗದಲ್ಲಿ. "ಮಾಸ್ಕಿನ ಮುಂಭಾಗ ಮುಟ್ಟಿದೆನಾ?" ಎಂಬುದೊಂದು ಮನೆವರೆಗೆ ಬರುತ್ತದೆ, ಮನೆಯಲ್ಲಿ ವಯಸ್ಸಾದ ಅತ್ತೆ, ಹಾಲು ಕುಡಿಯುವ ಮಗು ಇದ್ದರೆ ಬೆಳಗಿನವರೆಗೂ. ಹಾಗಾಗಿ ಕಳಚುವವರ ಎದುರು, ಸ್ವಲ್ಪ ದೂರದಲ್ಲಿ, ಹಂತಗಳನ್ನು ಗಟ್ಟಿಯಾಗಿ ಓದುವ ಒಬ್ಬರು ಬೇಕು. ಗ್ಲೌಸ್, ಕನ್ನಡಕ, ಗೌನ್, ಹೊರಗೆ ಬಂದಮೇಲೆ ಕೊನೆಗೆ ಎನ್95. ಮಾಸ್ಕಿನ ಕೆಳಗಿನ ಪಟ್ಟಿ ಮೊದಲು, ಆಮೇಲೆ ಮೇಲಿನದು. ನಡುನಡುವೆ 20ರಿಂದ 30 ಸೆಕೆಂಡು ಸ್ಯಾನಿಟೈಸರ್. ಗೋಡೆಯ ಚೀಟಿ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ತಪ್ಪು ಹೆಚ್ಚಾಗಿ ಆಗುವುದು ಮೂತ್ರಕ್ಕೆ ಅವಸರವಾಗಿ ನಾಲ್ಕು ಜನ ಒಟ್ಟಿಗೆ ನುಗ್ಗಿದಾಗ. ಪಾಳಿ ಬಿಡುವ ಹೊತ್ತನ್ನು ಹತ್ತು ಹತ್ತು ನಿಮಿಷ ಹಿಂದೆಮುಂದೆ ಮಾಡಿದರೆ ನುಗ್ಗಾಟ ತಪ್ಪುತ್ತದೆ.

ಕಿಟ್ಟಿನೊಳಗಿನ ಸೆಕೆ, ಬಾಯಾರಿಕೆ, ಖಾಲಿ ಹೊಟ್ಟೆಗೆ ಕುಡಿದ ಮೂರು ಚಾಯ, ಇಷ್ಟಕ್ಕೇ ಎದೆ ಡವಡವ ಅನ್ನುತ್ತದೆ. ಹೆದರಿ ಜೋರಾಗಿ ಉಸಿರೆಳೆದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಅದನ್ನೇ ಕೋವಿಡ್‌ನ ಏದುಸಿರು ಅಂತ ತಿಳಿದು ಇನ್ನೂ ಜೋರಾಗಿ ಎಳೆಯುತ್ತಾರೆ. ಕೂರಿಸಿ, ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಎರಡು ಮೂರು ನಿಮಿಷ ಉಸಿರಾಡಿಸಿ. ಜೊತೆಗೆ ಆಕ್ಸಿಮೀಟರ್ ಹಾಕಿ. ನೇಲ್ ಪಾಲಿಶ್, ಗಾಢ ಮೆಹಂದಿ, ತಣ್ಣಗಿನ ಬೆರಳು ಬೇಡ. ಆಮ್ಲಜನಕ ಶೇ. 94ಕ್ಕಿಂತ ಕೆಳಗೆ ಬಂದರೆ ಹೆದರಿಕೆ ಅಂತ ಬಿಡಬಾರದು, ಡಾಕ್ಟರು ನೋಡಲಿ. ಕಿಟ್ ಬಿಚ್ಚಿದ ಕೂಡಲೇ ಹಣೆಗೆ ಥರ್ಮಾಮೀಟರ್ ಹಿಡಿಯಬೇಡಿ, ಅರ್ಧ ಗಂಟೆ ತಣಿಯಲಿ.

ಕ್ಲೀನಿಂಗ್‌ನವರನ್ನು ಎಲ್ಲರೂ ಮರೆಯುತ್ತಾರೆ. ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 30 ಗ್ರಾಂ ಒಂದು ಲೀಟರ್ ನೀರಿಗೆ ಹಾಕಿದರೆ ಶೇ. 1ರ ದ್ರಾವಣ, ದಿನಾ ಹೊಸದು. ಕಾರಣ ಯಾರೂ ಹೇಳಿಕೊಡದಿದ್ದರೆ ಹೆದರಿಕೆಗೆ ದುಪ್ಪಟ್ಟು ಸುರಿಯುತ್ತಾರೆ. ಗಂಟಲು ಉರಿದು ಕೆಮ್ಮು ಬರುತ್ತದೆ, ಆಮೇಲೆ ಆ ಕೆಮ್ಮಿಗೇ ಹೆದರುತ್ತಾರೆ! ಮಳೆಗಾಲದಲ್ಲಿ ಬಾಯಿ ಬಿಟ್ಟ ಚೀಲದ ಪೌಡರ್ ತೇವ ಹಿಡಿದು ಸತ್ವ ಕಳೆದುಕೊಳ್ಳುತ್ತದೆ ಎಂಬುದನ್ನೂ ಹೇಳಿ.

2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮನೆ ಈಚೆ, ಆಸ್ಪತ್ರೆ ಆಚೆ ಇದ್ದವರ ಗತಿ ಗೊತ್ತೇ ಇದೆ. ಅಂಥ ಹೊತ್ತಿನಲ್ಲಿ ಗಡಿ ದಾಟುವ ಪಾಸ್, ವಾಹನ, ಉಳಿಯುವ ಕೋಣೆ ಮೂರೂ ಡ್ಯೂಟಿ ಪಟ್ಟಿಯಲ್ಲೇ ಬರೆದಿರಬೇಕು.

ಎರಡು ವಾರದ ಮೇಲೂ ನಿದ್ದೆ ಇಲ್ಲದವರಿಗೆ ಆತಂಕ ಅಳೆಯುವ ಜಿಎಡಿ-7 ಫಾರಂ ಕೊಡಿ. ಏಳು ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 21. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ. ಹೆಸರು ಬರೆದ ಫಾರಂ ಮೇಲಿನವರ ಮೇಜಿಗೆ ಹೋಗುತ್ತದೆ ಅಂತ ಗೊತ್ತಾದರೆ ಎಲ್ಲರೂ ಸೊನ್ನೆ ಬರೆಯುತ್ತಾರೆ, ಫಾರಂ ವ್ಯರ್ಥ. ವಾರ್ಡಿನ ಸ್ಟಾಕಿನಿಂದ ಆಲ್‌ಪ್ರಜೋಲಾಮ್ (ಆತಂಕ ಇಳಿಸುವ, ನಿದ್ದೆ ಬರಿಸುವ ಔಷಧಿ) ಅರ್ಧ ಮಾತ್ರೆ ನುಂಗುವ ಅಭ್ಯಾಸದ ಮೇಲೆ ಕಣ್ಣಿಡಿ. ಕೆಲವೇ ವಾರದಲ್ಲಿ ಅದಿಲ್ಲದೆ ನಿದ್ದೆಯೇ ಬರದಂತಾಗಬಹುದು. ಕೇರಳದ ದಿಶಾ ಸಹಾಯವಾಣಿ 1056. 2022ರ ಅಕ್ಟೋಬರಿನಿಂದ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಉಂಟು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಎರಡು ನಂಬರನ್ನು ನೋಟಿಸ್ ಬೋರ್ಡಿಗಿಂತ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಅಲ್ಲಿಯಾದರೆ ಯಾರೂ ನೋಡದ ಹಾಗೆ ಬರೆದುಕೊಳ್ಳಬಹುದು.